ಡಬ್ಬಿಯ ತಳ

ಕತ್ತಲ ಪಕ್ಷದಲ್ಲಿ ವಿಕ್ಟೋರಿಯಾ ಸರೋವರದ ಮೇಲೆ
ಒಂದು ಊರು ಏಳುತ್ತದೆ, ದೋಣಿಗೊಂದು ಲಾಟೀನು.
ಬೆಳಕಿಗೆ ಮರುಳಾಗಿ ಬಂದ ಒಮೆನಾ,
ಕಿರುಬೆರಳಿಗಿಂತ ಸಣ್ಣ ಬೆಳ್ಳಿಮೀನು,
ಬೆಳಗಾಗುವಷ್ಟರಲ್ಲಿ ನಮ್ಮ ದಡದ ಬಲೆಗಳ ಮೇಲೆ
ಒಣಗಲು ಬಿದ್ದಿರುತ್ತದೆ.

ನಾನು ಪರ್ಪೆತುವಾ ಅಕೆಯೊ.
ಹನ್ನೊಂದು ವರ್ಷದಿಂದ ಇಲ್ಲೇ ಕೂತು ಅಳೆದು ಮಾರುತ್ತೇನೆ.
ಡಬ್ಬಿ ಅತ್ತೆಯದು. ಕೊಡುವಾಗ ಮಗುಚಿ ತೋರಿಸಿದ್ದಳು:
ಉರುಟು ಕಲ್ಲಿನಿಂದ ತಳವನ್ನು ಒಳಕ್ಕೆ ತಟ್ಟಿ ತಟ್ಟಿ
ಹೊಕ್ಕುಳ ಹಾಗೆ ಮಾಡಿದ್ದು.
"ಬಾಯಿ ನೋಡುತ್ತಾರೆ, ತಳ ಯಾರು ನೋಡುತ್ತಾರೆ?
ಡಬ್ಬಿಗೊಂದು ಹಿಡಿ ಉಳಿಯಿತು, ಮಕ್ಕಳಿಗಾಯಿತು."
ಈ ದಡದಲ್ಲಿ ಎಲ್ಲರ ಡಬ್ಬಿಗೂ ಹೊಕ್ಕುಳಿದೆ.
ಕಳ್ಳತನ ಅನ್ನುವುದಿಲ್ಲ ನಾವು.
ಹೊಟ್ಟೆಪಾಡು ಅನ್ನುತ್ತೇವೆ.

ಭಾನುವಾರ ಉಪದೇಶಿ ಒಗೆಂಬೊ ಹೇಳಿದ:
ಪರಿಶುದ್ಧರಾಗಲು ಕರೆಯುತ್ತಿದ್ದಾನೆ ಕರ್ತನು,
ಮಠದ ಸಿಸ್ಟರುಗಳನ್ನಷ್ಟೇ ಅಲ್ಲ, ನಿಮ್ಮನ್ನೂ,
ಮೀನು ನಾರುವ ನಿಮ್ಮನ್ನು.
ಎಲ್ಲರೂ ನಕ್ಕರು. ನಾನೂ ನಕ್ಕೆ,
ಆದರೆ ಆ ಮಾತನ್ನು ಲೆಸ್ಸೊದ ತುದಿಗೆ
ಚಿಲ್ಲರೆ ಕಟ್ಟುವಂತೆ ಗಂಟು ಹಾಕಿಕೊಂಡು ಬಂದೆ.

ಶುಕ್ರವಾರ ಉಪವಾಸ. ರಾತ್ರಿಯಿಡೀ ಜಾಗರಣೆ.
ತಲೆವಸ್ತ್ರಕ್ಕೆ ನೀಲಿ ಹಾಕಿ ಬಿಳುಪು ತಂದೆ.
ಮೈದುನನಿಗೆ ಬೈಯುವುದನ್ನು ಮೂರು ದಿನ ಬಿಟ್ಟೆ.
ಮೊಣಕಾಲು ತರಚಿತು. ಅಷ್ಟೇ.
ಕರೆದದ್ದು ಯಾವ ದಿಕ್ಕಿನಿಂದ ಎಂದೇ ತಿಳಿಯಲಿಲ್ಲ.

ಮಂಗಳವಾರ ಬಂದಳು ಎಂಟು ವರ್ಷದ ಒಬ್ಬ ಹುಡುಗಿ,
ಒಂದೇ ಕಾಲಿಗೆ ಚಪ್ಪಲಿ.
"ಮೂರು ಡಬ್ಬಿ ಕೊಡು. ನಮಗೆ ಬೇಕಾದ್ದು ಎರಡೂವರೆ.
ನಿನ್ನ ಮೂರು ಅಂದರೆ ನಮ್ಮ ಎರಡೂವರೆ, ಅಜ್ಜಿ ಹೇಳಿದ್ದಾಳೆ."
ಕೋಪವಿಲ್ಲ, ಕೊಂಕಿಲ್ಲ.
ಇವತ್ತು ಗಾಳಿ ತೆಂಕಣದಿಂದ ಬೀಸುತ್ತಿದೆ ಅನ್ನುವ ಹಾಗೆ.
ಅಳೆದು ಕೊಟ್ಟೆ. ಅದೇ ಡಬ್ಬಿಯಲ್ಲಿ.
ದುಡ್ಡೂ ತಗೊಂಡೆ, ಸುಳ್ಳು ಹೇಳಲಾರೆ.

ರಾತ್ರಿ, ಉಗಾಲಿ ತಿರುವುವ ಹಿಟ್ಟಿನ ಕೋಲು ತೂರಿಸಿ
ತಳವನ್ನು ಒಳಗಿನಿಂದ ಹೊರಕ್ಕೆ ಹೊಡೆದೆ.
ತಗಡು ಅರಚಿತು.
ಗೋಡೆಯಾಚೆಯಿಂದ ನ್ಯಾರ್ ಉಯೋಮಾ:
"ಈ ಹೊತ್ತಲ್ಲಿ ಏನೇ ಅದು, ಇಗರ್ಜಿಯ ಗಂಟೆಯೇ?"
"ಅಲ್ಲಮ್ಮ, ಡಬ್ಬಿ."
ಅವಳಿಗೆ ಅರ್ಥವಾಯಿತು.
ಬಹಳ ಹೊತ್ತು ಆ ಕಡೆ ಕೆಮ್ಮೂ ಕೇಳಲಿಲ್ಲ.

ಅಷ್ಟು ವರ್ಷ ಒಳಕ್ಕೆ ಬಾಗಿದ್ದು
ಒಂದು ರಾತ್ರಿಗೆ ಸಮವಾಗುವುದಿಲ್ಲ.
ಹೊರಕ್ಕೆ ಉಬ್ಬಿತು. ಈಗ ನೆಲದ ಮೇಲೆ ನಿಲ್ಲದು,
ತೊಟ್ಟಿಲ ಹಾಗೆ ತೂಗುತ್ತದೆ.
ಗಿರಾಕಿಗಳು ಹುಬ್ಬೇರಿಸಿದರು: ಇದೇನು ಹೊಸ ಮೋಸ?
ನೆಟ್ಟಗೆ ನಿಂತ ಡಬ್ಬಿಯನ್ನು ನಂಬಿದ್ದರು, ಪಾಪ.
ದಡದ ಹೆಂಗಸರು ನನ್ನಿಂದ ಗೇಣು ಸರಿದು ಕೂತರು.
ಸಂಜೆ ಎಣಿಸಿದರೆ ನೂರಾ ನಲವತ್ತು ಶಿಲ್ಲಿಂಗ್ ಕಡಿಮೆ.
ಮಗನ ಶಾಲೆಯ ಫೀಸು ಹಾಗೇ ಇದೆ.
ಕರ್ತನು ಆ ಹಣ ತುಂಬಿದನೆಂದು
ಸಾಕ್ಷಿ ಹೇಳಲು ಬಂದವಳಲ್ಲ ನಾನು.

ಇನ್ನೊಂದಿದೆ.
ಅಳೆಯುವಾಗ ಹೆಬ್ಬೆರಳು ತಾನಾಗಿ ಒಳಗೆ ಹೋಗಿ ಕೂರುತ್ತದೆ,
ನಾಲ್ಕು ಮೀನಿನ ಜಾಗ ಹಿಡಿದು.
ಅದರ ಮೇಲೆ ಯಾವ ಉಪದೇಶಿಯೂ ಪ್ರಸಂಗ ಮಾಡಿಲ್ಲ.
ದಿನಕ್ಕೆ ನಲವತ್ತು ಸಲ ನಾನು ಅದನ್ನು
ಹೊರಗೆ ಬಾ ಎಂದು ಕರೆಯುತ್ತೇನೆ,
ನಲವತ್ತು ಸಲ ಅವನು ನನ್ನನ್ನು.

ನಿನ್ನೆ ಆ ಹುಡುಗಿ ಮತ್ತೆ ಬಂದಳು. "ಮೂರು" ಅಂದಳು.
"ಎರಡೂವರೆ ಸಾಕು" ಅಂದೆ.
ಡಬ್ಬಿ ಎತ್ತಿ ತಳ ಸವರಿ ನೋಡಿದಳು,
ಬಸುರಿಯ ಹೊಟ್ಟೆ ಮುಟ್ಟುವಂತೆ ಮೆಲ್ಲಗೆ.
ಆಮೇಲೆ ನನ್ನ ಹೆಬ್ಬೆರಳನ್ನೂ ನೋಡಿದಳು.