ಮುಳ್ಳು

ಮಿನ್ನಿಗಾಲಿ ಅಜ್ಜ ಮೀನು ತರಲಿಲ್ಲ.
"ಅದನ್ನು ತಿಂದಾಯಿತಲ್ಲ," ಅಂದ. "ತಲೆ ಬೆಕ್ಕಿಗೆ ಹೋಯಿತು.
ಉಳಿದದ್ದು ಇಗೋ."
ಹಳೇ ಪತ್ರಿಕೆ ಬಿಚ್ಚಿ ಮೇಜಿನ ಮೇಲೆ ಹರವಿದ.
ಕೋಣೆಗೆಲ್ಲ ತೇಚಾ ನದಿಯ ವಾಸನೆ.
ಹೊರಗೆ ಮಾರ್ಚಿಯ ಚೆಲ್ಯಾಬಿನ್ಸ್ಕ್, ಮಸಿ ಹಿಡಿದ ಹಿಮ.

ಕೈಮೀಟರಿನ ಮುಳ್ಳು
ಮೀನಿನ ಮುಳ್ಳಿಗೆ ಒಂಚೂರು ತಲೆಯಾಡಿಸಿತು.
ಇದೇ ಸಾಕು ಅಜ್ಜ, ನನಗೆ ಬೇಕಾದ್ದು ಇದೇ.
ನಾನು ಸುಣ್ಣದ ಕಡೆಯವನು ಎಂದು ಸುಳ್ಳು ಹೇಳಿ
ಮೂಳೆಯ ಮನೆ ಹೊಕ್ಕವನು
ಅಷ್ಟು ಸುಲಭಕ್ಕೆ ಎದ್ದು ಹೋಗುವುದಿಲ್ಲ.

ಮೊದಲು ಗಾಮಾ. ಅದು ಬಾಯಿಬಡುಕ.
ಸೀಸದ ಗೂಡಿನಲ್ಲಿಟ್ಟು ಬಾಗಿಲೆಳೆದು
ಚಹಾಕ್ಕೆ ನೀರಿಡುವಷ್ಟರಲ್ಲಿ
ಪರದೆಯ ಮೇಲೆ, ಆರುನೂರ ಅರವತ್ತೆರಡರ ಬಳಿ,
ಹುತ್ತದಂತೆ ಏಳತೊಡಗುತ್ತದೆ ಸೀಸಿಯಂ
ತನ್ನ ಹೆಸರು ತಾನೇ ಕೂಗಿಕೊಂಡು.

ಬೀಟಾ ಹಾಗಲ್ಲ.
ತಗಡು ಅಡ್ಡ ಹಿಡಿದರೆ ಅಲ್ಲೇ ನಿಂತುಬಿಡುತ್ತದೆ.
ಸ್ಟ್ರಾನ್ಷಿಯಂಗೆ ಹುತ್ತವಿಲ್ಲ, ಗುರುತಿಲ್ಲ;
ಸುಡಬೇಕು, ಬೂದಿಯನ್ನು ಆಮ್ಲದಲ್ಲಿ ಕರಗಿಸಬೇಕು,
ಸುಣ್ಣದ ತೆಕ್ಕೆಯಿಂದ ಬಿಡಿಸಬೇಕು,
ಆಮೇಲೆ ಕೈಕಟ್ಟಿ ಕೂರಬೇಕು ಹದಿನಾಲ್ಕು ದಿನ.
ತಾಯಿಯ ಮಗ್ಗುಲಲ್ಲಿ ಮಗಳು ಇಟ್ರಿಯಂ ಬೆಳೆದು ನಿಲ್ಲಬೇಕು.
ನಾವು ಎಣಿಸುವುದು ಮಗಳ ಹೆಜ್ಜೆ,
ಬರೆದುಕೊಳ್ಳುವುದು ತಾಯಿಯ ಲೆಕ್ಕ.

"ಹದಿನಾಲ್ಕೇ ದಿನವಾ?" ಅಜ್ಜ ಬೊಚ್ಚುಬಾಯಲ್ಲಿ ನಕ್ಕ.
"ನಮ್ಮೂರಿಗೆ ವಿಷಯ ಹೇಳುವುದಕ್ಕೇ
ನಲವತ್ತು ವರ್ಷ ಹಿಡಿಯಿತಮ್ಮಾ."

ಆ ರಾತ್ರಿ ಯಂತ್ರಕ್ಕೆ ಖಾಲಿ ತಟ್ಟೆ ಕೊಟ್ಟೆ.
ಏನೂ ಇಲ್ಲದ್ದನ್ನೂ ಎಣಿಸಬೇಕು:
ಇಟ್ಟಿಗೆಯದೊಂದು ಟಕ್, ಆಕಾಶದ್ದೊಂದು ಟಕ್,
ಗಂಟೆಗೆ ಐವತ್ತೆರಡು.
ಅಷ್ಟು ಸದ್ದಿಗೆ ಮೌನ ಎಂದು ಹೆಸರಿಟ್ಟು
ಪುಸ್ತಕದಲ್ಲಿ ದಾಖಲಿಸಿದೆ.
ನನ್ನ ಹಾಲುಹಲ್ಲುಗಳನ್ನು ಅಮ್ಮ
ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದಳು. ಮನೆಯಲ್ಲೇ ಇವೆ.
ಹತ್ತೊಂಬತ್ತು ವರ್ಷದಿಂದ ಈ ಕೆಲಸ,
ಅವನ್ನಿನ್ನೂ ಇಲ್ಲಿಗೆ ತಂದಿಲ್ಲ.

ಹದಿನೈದನೆಯ ದಿನ ಅಜ್ಜ ಬಂದ, ಗಡ್ಡ ಹೆರೆದು,
ಕಸೂತಿಯ ಟೊಪ್ಪಿ ಹಾಕಿ, ಮದುವೆಗೆ ಬಂದವನಂತೆ.
ಚೀಟಿ ಕೊಟ್ಟೆ. ಬೆರಳಿಟ್ಟು ಓದಿದ.
"ಈ ಕೂಡುವ ಗುರುತು, ಕಳೆಯುವ ಗುರುತು
ಒಂದರ ಮೇಲೊಂದು ಯಾಕೆ ಕೂತಿವೆ?"
"ಅಲ್ಲಿಂದ ಮುಂದಿನದು ನನಗೆ ಗೊತ್ತಾಗದ್ದು, ಅಜ್ಜ."

ನನ್ನ ಮುಖವನ್ನೇ ನೋಡಿದ. "ಹೆಸರೇನು?"
"ಫನೂಜಾ."
"ಯಾರ ಮಗಳು?"

ಹೇಳಿದೆ.
ಟೊಪ್ಪಿ ತೆಗೆದು, ಚೀಟಿ ಮಡಿಸಿ ಒಳಗಿಟ್ಟು,
ಮತ್ತೆ ಹಾಕಿಕೊಂಡ.
"ನಾಳಿದ್ದು ಹಾಲು ತರ್ತೀನಿ," ಅಂದ ಬಾಗಿಲಲ್ಲಿ.
ಕುಡಿಯಲಿಕ್ಕೋ ಅಳೆಯಲಿಕ್ಕೋ,
ನಾನು ಕೇಳಲಿಲ್ಲ.