ತೊಳೆಯದ ಮುಂಗೈ

ಬುಲವಾಯೊದ ಬೀದಿಗಳು ಅಗಲ,
ಎತ್ತಿನ ಬಂಡಿಯನ್ನು ಪೂರ್ತಿ ತಿರುಗಿಸಬಹುದಾದಷ್ಟು.
ಕರೆಂಟಿಗೆ ಮಾತ್ರ ದಾರಿ ಇಕ್ಕಟ್ಟು,
ಬರುವಾಗ ಮೈ ಹಿಡಿದುಕೊಂಡು ಬರುತ್ತದೆ,
ಹೋಗುವಾಗ ಹೇಳುವುದಿಲ್ಲ.

ರಕ್ತನಿಧಿಯ ಹಿಂದಿನ ಕೋಣೆ. ಅಕ್ಟೋಬರ್.
ಕಿಟಕಿಯಾಚೆ ಜಕರಾಂಡ ಉದುರಿ
ಡೀಸೆಲ್ ಪೀಪಾಯಿಗೆ ನೇರಳೆ ಹೊದಿಕೆ. ಪೀಪಾಯಿ ಖಾಲಿ.
ನಾನು ನೆಲದ ಮೇಲೆ ಕೂತು
ಡಿಸ್ಕುಗಳ ಪೆಟ್ಟಿಗೆಯನ್ನು ವಿಚಾರಿಸುತ್ತಿದ್ದೇನೆ:
ಮೂರು ಚೀಲ ಎಲ್ಲಿ?

ನಿನ್ನೆ ರಾತ್ರಿ ಒಂಬತ್ತು ನಲವತ್ತಕ್ಕೆ
ಮೂರು ಚೀಲ ಓ-ನೆಗೆಟಿವ್ ದಾಖಲಾಯಿತು.
ಪರದೆ ಹಸಿರು ಟಿಕ್ ಹಾಕಿತು.
ಇನ್ವರ್ಟರ್ ಒಂದು ಸಲ ಬಿಕ್ಕಿ ಸುಮ್ಮನಾಯಿತು.
ಬೆಳಕು ಮರಳಿದಾಗ ಚೀಲಗಳು ಫ್ರಿಜ್ಜಿನಲ್ಲಿದ್ದವು,
ಲೆಕ್ಕದಲ್ಲಿ ಇರಲಿಲ್ಲ.

ಡಿಸ್ಕಿನ ಮುಂದೆ ಒಂದು ಕ್ಯಾಶ್ ಇದೆ,
ಬಾಗಿಲಲ್ಲೇ ಕೂತ ಚುರುಕು ಗುಮಾಸ್ತ.
ಕಾಗದ ಕೊಟ್ಟ ಕೂಡಲೇ "ಬರೆದೆ" ಎನ್ನುತ್ತಾನೆ.
ಬರೆದಿರುವುದಿಲ್ಲ. ಕಂಕುಳಲ್ಲಿ ಇಟ್ಟುಕೊಂಡಿರುತ್ತಾನೆ,
ಒಳಗಿನ ನಿಧಾನಿ ಡಿಸ್ಕಿಗೆ ಬಿಡುವಾದಾಗ
ಒಂದೊಂದಾಗಿ ಒಪ್ಪಿಸುತ್ತಾನೆ. ಅದರಲ್ಲೇನೂ ತಪ್ಪಿಲ್ಲ,
ಪಕ್ಕದಲ್ಲಿ ಒಂದು ಬ್ಯಾಟರಿ ಎಚ್ಚರವಿದ್ದರೆ.
ಬಿಚ್ಚಿ ನೋಡಿದೆ. ಉಬ್ಬಿತ್ತು, ಹುದುಗಿದ ಹಿಟ್ಟಿನ ಹಾಗೆ.

ಬ್ಯಾಟರಿ ಸತ್ತರೆ ಗುಮಾಸ್ತ ತಾನೇ ಬಾಯಿ ಮುಚ್ಚಬೇಕು.
ಆದರೆ ಯಾರೋ, ವೇಗ ಸಾಲದೆಂದು,
ಸೆಟ್ಟಿಂಗಿನಲ್ಲಿ ಅಪ್ಪಣೆ ಕೊಟ್ಟಿದ್ದರು:
ಬ್ಯಾಟರಿ ಇಲ್ಲದಿದ್ದರೂ ರೈಟ್-ಬ್ಯಾಕ್.
ಯಾರೋ ಅಲ್ಲ. ದಿನಾಂಕ ನೋಡಿದೆ. ನಾನೇ.
ಮಾರ್ಚ್ ಹನ್ನೊಂದು. ಖುಲೆಕಾನಿ ಮೇಲಿನ ಮಹಡಿಯಿಂದ
"ಇಷ್ಟು ಹೊತ್ತಿಗೆ ನಾನೇ ಗೋಡೆ ಮೇಲೆ ಕೆತ್ತುತ್ತಿದ್ದೆ" ಎಂದು ಕೂಗಿದ ದಿನ.

ಮಾನ್ಯೋನಿ ಬಂದಳು. ಇಪ್ಪತ್ತಾರು ವರ್ಷ ಇದೇ ಕೌಂಟರು.
ಬೈಯಲಿಲ್ಲ. ತೋಳು ಮಡಚಿ
ಎಡ ಮುಂಗೈಯನ್ನು ದೀಪದ ಕೆಳಗೆ ಚಾಚಿದಳು.
ನೀಲಿ ಪೆನ್ನಿನಲ್ಲಿ, ಬೆವರಿಗೆ ಸ್ವಲ್ಪ ಹರಡಿ, ಮೂರು ನಂಬರು.
ಕೊನೆಯದರಲ್ಲಿರುವುದು ಏಳೋ ಒಂದೋ ತಿಳಿಯದು.
"ಸ್ನಾನಕ್ಕೂ ಈ ಕೈ ಮೇಲೆತ್ತಿಯೇ ನಿಂತಿದ್ದೆ," ಅಂದಳು,
"ಮಕ್ಕಳು ನಕ್ಕರು.
ನಿನ್ನ ಪೆಟ್ಟಿಗೆ ಹೂಂ ಅನ್ನುತ್ತೆ, ಸರಿ.
ನಮ್ಮ ಮನೆಯವನೂ ಹೂಂ ಅಂತಾನೆ.
ಹೂಂ ಅಂದದ್ದೆಲ್ಲ ಆದದ್ದಲ್ಲ, ತಮ್ಮಾ."

ಅವಳ ತೊಗಲೂ ಕ್ಯಾಶೇ.
ಆದರೆ ಅದು ಯಾರಿಗೂ "ಬರೆದೆ" ಎಂದಿರಲಿಲ್ಲ.

ರಕ್ತದ ಲೆಕ್ಕವಿರುವ ಭಾಗಕ್ಕೆ ರೈಟ್-ಥ್ರೂ.
ಡಿಸ್ಕುಗಳೊಳಗೆ ಅವುಗಳದೇ ಪುಟ್ಟ ಕ್ಯಾಶ್‌ಗಳುಂಟು,
ಅದೇ ಜಾತಿಯ ಮರಿಗುಮಾಸ್ತರು. ಅವೂ ಆಫ್.
ದಾನಿಗಳು ಬಿಸ್ಕತ್ತು ತಿನ್ನುತ್ತ ನಗುವ ಫೋಟೊಗಳ ಭಾಗಕ್ಕೆ
ಹಳೆಯ ವೇಗವೇ ಇರಲಿ.
ಕಳೆದರೆ ಮತ್ತೊಮ್ಮೆ ನಕ್ಕಾರು.

ಫ್ರಿಜ್ಜಿಗೆ ಹೋಗಿ ಚೀಟಿ ನೋಡಿ ಬಂದೆ. ಏಳು.
ಮೊದಲ ನಂಬರು ಒತ್ತಿದೆ. ಪರದೆ ಸುಮ್ಮನಿದೆ.
ಒಳಗೆಲ್ಲೋ ಲೋಹದ ತಟ್ಟೆ ತಿರುಗುವ ಗೊರಗೊರ.
ಒಂದು ಉಸಿರಿನಷ್ಟು ಹೊತ್ತು.
ಮಾರ್ಚಿನಲ್ಲಿ ದಂಡ ಎಂದು ನಾನು ಕತ್ತರಿಸಿ ಎಸೆದದ್ದು
ಈ ಉಸಿರನ್ನೇ.
ಆಮೇಲೆ ಹಸಿರು. ಮತ್ತೊಂದು. ಮತ್ತೊಂದು.

ಮಾನ್ಯೋನಿ ನಲ್ಲಿಯ ಹತ್ತಿರ, ಬಲಗೈಯಲ್ಲಿ ಸೋಪು.
"ಆಯ್ತಾ?"
ಹೂಂ ಅನ್ನಲು ಬಾಯಿ ತೆರೆದವನು
ತಡೆದು, ಪೆಟ್ಟಿಗೆಯ ವೈರನ್ನೇ ಗೋಡೆಯಿಂದ ಕಿತ್ತೆ.
ಹತ್ತು ಎಣಿಸಿ ಮತ್ತೆ ಸಿಕ್ಕಿಸಿದೆ.
ಅದು ಏಳುವುದಕ್ಕೆ ನಾಲ್ಕು ನಿಮಿಷ.
ಅಷ್ಟೂ ಹೊತ್ತು ಅವಳು ಕೈ ಎತ್ತಿಯೇ ನಿಂತಿದ್ದಳು,
ಪಾಠ ಒಪ್ಪಿಸುವ ಹುಡುಗಿಯಂತೆ.

ಮೂರೂ ಇದ್ದವು.
ಆಗ ಹೂಂ ಅಂದೆ.
ಅವಳು ನಲ್ಲಿ ತಿರುಗಿಸಿದಳು.
ನೀರು ಬರಲಿಲ್ಲ.