ಕೆನೆ ಬಿರಿಯದ ವೇಗ

ಕೊಲ್ಹಾರದ ಸೇತುವೆಯ ಕೆಳಗೆ, ಮಾರ್ಚಿ ತಿಂಗಳ ನಸುಕಿನಲ್ಲಿ
ರಾಜೇಸಾಬ ದೋಣಿಯೊಳಗೆ ಮೊದಲು ಇಟ್ಟದ್ದು
ಪಾನಾ ಅಲ್ಲ, ಪೆಟ್ರೋಲ್ ಡಬ್ಬಿ ಅಲ್ಲ,
ಒಂದು ಗಡಿಗೆ ಮೊಸರು.

ರಾತ್ರಿ ಹೆಪ್ಪು ಹಾಕಿದ್ದು. ಮೇಲೆ ಬೆರಳು ದಪ್ಪ ಕೆನೆ.
ಹಗ್ಗದ ಸಿಂಬಿ ಮಾಡಿ ನನ್ನ ಕಾಲ ಬಳಿ ಕೂರಿಸಿ
"ಕಸ್ತೂರಿ, ಇದ ನಿನ್ನ ಮೀಟರ್" ಅಂದ.
"ಕೆನಿ ಬಿರೀಲಾರದಂಗ ಆ ದಂಡಿಗೆ ಹೋಗಿ ಬಾ.
ಆಮ್ಯಾಲೆ ಮಾತಾಡೂಣು."

ದೋಣಿ ಗೋವಾದಿಂದ ಬಂದದ್ದು, ಎರಡನೇ ಕೈ.
ಈಟಿಯಂಥ ಮೂತಿ, ಬೆನ್ನಿಗೆ ಇನ್ನೂರು ಕುದುರೆ,
ಪಕ್ಕೆಯಲ್ಲಿ ಅರ್ಧ ಕೆರೆದು ಬಿಟ್ಟ ಯಾರದೋ ಹೆಸರು.
ಅದರ ಮುಳ್ಳು ವೇಗವನ್ನು ಮೈಲಿಯಲ್ಲೇ ಹೇಳುತ್ತದೆ.
ಅಪ್ಪ ಇದೇ ಹೊಳೆಯಲ್ಲಿ ಹರಿಗೋಲು ಹಾಕಿದವ.
ಅವನ ಇಂಜಿನ್ನು ಎರಡು ರಟ್ಟೆ,
ಕೆಟ್ಟರೆ ಅವ್ವ ಎಣ್ಣೆ ಹಚ್ಚುತ್ತಿದ್ದಳು.

ಮೊದಲ ದಿನ ಮೊಸರು ಮಜ್ಜಿಗೆಯಾಯಿತು.
ಮೂವತ್ತೆಂಟಕ್ಕೆ ಮೂತಿ ಎದ್ದು ಬಿದ್ದು, ಎದ್ದು ಬಿದ್ದು,
ಮೊದಲ ಸಲ ನೊಗಕ್ಕೆ ಕಟ್ಟಿದ ಹೋರಿ.
ಟ್ರಿಮ್ ಗುಂಡಿಯ ಮೇಲಿನ ಹೆಬ್ಬೆರಳು ತೆಗೆಯುವುದನ್ನೇ ಮರೆತೆ.
ಗಡಿಗೆ ಉರುಳಿತು. ಪ್ಯಾಂಟಿನ ತುಂಬ ಬಿಳಿ.
ದಂಡೆಯಲ್ಲಿ ಕೌದಿ ಒಗೆಯುತ್ತಿದ್ದವರು ಕೆಲಸ ಬಿಟ್ಟು ನಕ್ಕರು.
ರಾಜೇಸಾಬ ನಗಲಿಲ್ಲ. ನೆಲದ ಮೊಸರು ಬೆರಳಲ್ಲಿ ನೆಕ್ಕಿ
"ಹಿಂದ ಭಾರ ಐತಿ. ಮತ್ತ ಫ್ಯಾನೂ ದೊಡ್ಡದಾತು."

ಕಬ್ಬಿನ ಗಾಣದ ಡೀಸೆಲ್ ಇಂಜಿನ್ನು ಕೇಳಿ ಕೇಳಿ
ಅವನ ಬಲಗಿವಿ ಮಂದ. ರಿಪೇರಿಯೆಲ್ಲ ಎಡಗಿವಿಯಿಂದ.
ಇಪ್ಪತ್ಮೂರರ ಫ್ಯಾನು ಬಿಚ್ಚಿ ಇಪ್ಪತ್ತೊಂದರದು ಹಾಕಿದ.
ಬ್ಯಾಟರಿ ಮುಂದಕ್ಕೆ ಬಂತು. ಇಂಜಿನ್ನು ಒಂದು ತೂತು ಮೇಲೇರಿತು.
ಏರಿದ್ದು ಹೆಚ್ಚಾಯಿತು: ತಿರುವಿನಲ್ಲಿ ಫ್ಯಾನು ಗಾಳಿ ನುಂಗಿ
ಚೀರುತ್ತದೆ, ದೋಣಿ ಮಾತ್ರ ಕೇಳಿಸದವರಂತೆ ನಿಲ್ಲುತ್ತದೆ.
ಅರ್ಧ ತೂತು ಇಳಿಸಬೇಕು. ಅರ್ಧ ತೂತು ಯಾರೂ ಕೊರೆದಿಲ್ಲ.
ಹಳೆಯ ಹಿತ್ತಾಳೆ ತಾಟು ಕೊಯ್ದು ಪಟ್ಟಿ ಮಾಡಿ ಸಂದಿಗೆ ಕೊಟ್ಟ.
ತಾಟು ಖೈರುನ್‌ಬಿಯ ತವರಿನದು ಎಂದು ಸಂಜೆ ಗೊತ್ತಾಯಿತು.

ಅಂದಿನಿಂದ ಆಕೆ ಗಡಿಗೆಗೆ ನಲವತ್ತು ರೂಪಾಯಿ
ಎಣಿಸಿಕೊಂಡೇ ಕೊಡುತ್ತಾಳೆ.

ಐವತ್ತು ದಾಟಿದರೆ ಬೇರೆ ಕಾಟ.
ದೋಣಿ ಎಡಕ್ಕೆ, ಬಲಕ್ಕೆ ತೂಗತೊಡಗುತ್ತದೆ,
ಗೆಳೆಯನ ಹೆಗಲು ಹುಡುಕುವ ಕುಡುಕನ ಹಾಗೆ.
ವಾಲಿದ ಮೇಲೆ ತಿರುಗಿಸಿದರೆ ತಡವಾಯಿತು.
ವಾಲಲೇ ಎಂದು ಅದು ಯೋಚಿಸುವಷ್ಟರಲ್ಲಿ
ಕೈ ಅಲ್ಲಿರಬೇಕು. ಕೂದಲೆಳೆಯಷ್ಟು. ಮತ್ತೆ ಈ ಕಡೆ.
ಇಪ್ಪತ್ತು ದಿನ ನಾನು ತಡವಾಗಿಯೇ ಇದ್ದೆ.
ಇಪ್ಪತ್ತೊಂದನೆಯ ದಿನವೂ.

ಯಾಕವ್ವಾ ಇದು ನಿನಗೆ, ಎಂದರು ಬಹಳ ಜನ.
ಪಂದ್ಯ ಇದೆ ಎನ್ನುತ್ತಿದ್ದೆ. ಪಂದ್ಯ ನಡೆದೀತೋ ಇಲ್ಲವೋ.
ನನಗೆ ಬೇಕಿತ್ತು, ಅಷ್ಟೆ.

ಒಂದು ದಿನ ಅಪ್ಪ ಬಂದು ಕೂತ, ಪಾದಗಳ ನಡುವೆ ಗಡಿಗೆ.
"ಹುಟ್ಟು ಹಾಕುವಾಗ ನೀರು ಕೈಗೆ ಹೇಳತಿತ್ತು.
ಇದರಾಗ ಎಲ್ಲಿಗೆ ಹೇಳತೈತಿ?"
"ಕುಂಡಿಗೆ" ಅಂದೆ.
ನೀರು ಕುಡಿಯುತ್ತಿದ್ದವನಿಗೆ ನೆತ್ತಿಗೇರಿತು.

ಐವತ್ತೆರಡು. ಅಪ್ಪನ ರುಮಾಲು ಹಾರಿ ಹಿಂದುಳಿಯಿತು.
ಅದರ ಕಡೆ ನೋಡದೆ ಬೆರಳು ಚಾಚಿ
"ಎಡಕ್ಕ ತಗೋ, ಬಡಿಗ್ಯಾರ ಓಣಿ!" ಎಂದು ಕೂಗಿದ.
ನೀರು ಇಳಿದಿತ್ತು. ಹಳೇ ಊರಿನ ಗೋಡೆಗಳು
ಫ್ಯಾನಿಗೆ ಎರಡು ಮೊಳ ಕೆಳಗೆ ಕಾದಿದ್ದವು.
ಅಲ್ಲಿ ಅಲೆಯ ಹೊಳಪು ತುಸು ಮಂಕು,
ನನ್ನ ಕಣ್ಣಿಗೆ ಅದು ಮೋಡದ ನೆರಳಾಗಿತ್ತು.
"ಹುಣಸಿಮರ ಬಳಸು. ಈಗ ಸೀದಾ. ಹೊಡಿ!"
ಕಾಣದ ಮರವನ್ನು ಬಳಸಿದೆ.
ಅರವತ್ತೊಂದು.
ಕೈ ತಾನಾಗಿ ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ,
ಮತ್ತು ತೂಗಾಟ ಇರಲಿಲ್ಲ.
ಯಾವಾಗ ನಿಂತಿತೋ ನೋಡಿಕೊಳ್ಳಲಿಲ್ಲ.

ದಂಡೆಗೆ ಬಂದಾಗ ರಾಜೇಸಾಬ ಬಗ್ಗಿ ನೋಡಿದ.
ಕೆನೆಯ ಅಂಚಿನಲ್ಲಿ ದಾರದಂಥ ಒಂದು ಗೆರೆ.
ಅದು ಹೆಪ್ಪಿನ ಬಿರುಕು ಎಂದು ನಾನು.
ಇಂಜಿನ್ನಿನದು ಎಂದು ಅವನು.
ಖೈರುನ್‌ಬಿಯನ್ನು ಕರೆಸಬೇಕು ಎನ್ನುವಷ್ಟರಲ್ಲಿ
ಅಪ್ಪ ಖಡಕ್ ರೊಟ್ಟಿ ಮುರಿದು
ಸಾಕ್ಷಿಯ ನಟ್ಟನಡುವೆ ಅದ್ದಿದ.